ಬ್ರೈನಾ ಅತ್ತೆ ಕ್ಷಮಿಸಿದ್ದು

ಯಹೂದಿ ಹೊಸ ವರ್ಷಕ್ಕೆ ಮುಂಚೆ ಕ್ಷಮೆ ಕೇಳುವ ಎಲೂಲ್ ತಿಂಗಳ ಮೊದಲ ಭಾನುವಾರ ಬ್ರೈನಾ ಅಡುಗೆಮನೆಯಲ್ಲಿ ಎಲೆಕೋಸಿನ ಎಲೆಗಳಿಗೆ ಮಾಂಸ, ಅಕ್ಕಿ ತುಂಬಿ ಸುರುಳಿ ಸುತ್ತುತ್ತಿದ್ದಾಗ ಮೆಟ್ಟಿಲ ಮೇಲೆ ನಾಲ್ಕು ಜೋಡಿ ಬೂಟುಗಳ ಸದ್ದಾಯಿತು. ಅಳಿಯ ಶ್ರಾಗಾನ ಹೆಜ್ಜೆ ಅವಳಿಗೆ ಗೊತ್ತು. ಮಗಳು ಅಳಿಯ ಇರುವ ಕೆಳಮನೆಯಿಂದ ತನ್ನ ಮೇಲ್ಮನೆಗೆ ಬರುವ ಹದಿನಾಲ್ಕು ಮೆಟ್ಟಿಲನ್ನು ಅವನು ಕುಡಿದಾಗ ಒಂದು ತರಹ ಹತ್ತುತ್ತಿದ್ದ, ಕುಡಿಯದಿದ್ದಾಗ ಇನ್ನೊಂದು ತರಹ. ಇಪ್ಪತ್ತು ವರ್ಷ ಅದನ್ನೇ ಕೇಳಿ ಅವಳ ಕಿವಿ ಪಳಗಿತ್ತು. ಇವತ್ತಿನದು ಕುಡಿಯದ ಹೆಜ್ಜೆ. ಉಳಿದ ಮೂರು ಜೋಡಿ ಯಾರದೆಂದು ತಿಳಿಯಲಿಲ್ಲ.

ಬಾಗಿಲು ತೆರೆದರೆ ಶ್ರಾಗಾ ಹಬ್ಬದ ಟೋಪಿ ಹಾಕಿಕೊಂಡು ನಿಂತಿದ್ದ. ಅವನ ಹಿಂದೆ ಬಾಗಿಲು ತುಂಬುವಂಥ ಒಬ್ಬ ದಪ್ಪ ಮನುಷ್ಯ, ಅವನ ಬೆನ್ನಿಗೆ ಕನ್ನಡಕದವನೊಬ್ಬ, ಇನ್ನೂ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ಬಿಳಿಗಡ್ಡದ ಮುದುಕನೊಬ್ಬ.

"ಅತ್ತೆ, ಇವ್ರು ಲೆನ್ನಿ, ಸ್ಕೂಲ್ ಬಸ್ ಓಡಿಸ್ತಾರೆ. ಇವ್ರು ಹಲ್ಲಿನ ಡಾಕ್ಟ್ರು, ಕಾಟ್ಜ್ ಅಂತ. ಹಿಂದೆ ಇರೋರು ವೆಲ್ವೆಲ್. ಮುಂಚೆ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡ್ತಿದ್ರು."

"ಮೂರೂ ಜನ ನಿನ್ನ ಕುಡುಕರ ಸಂಘದವ್ರಾ?"

"ಕುಡಿಯದವರ ಸಂಘ, ಅಮ್ಮಾ," ಎಂದ ಲೆನ್ನಿ. "ಕುಡುಕರ ಸಂಘದಲ್ಲೂ ಇದ್ವಿ. ಅಲ್ಲಿ ಯಾರೂ ಟೈಮಿಗೆ ಸರಿಯಾಗಿ ಬರ್ತಿರಲಿಲ್ಲ."

ಬ್ರೈನಾ ನಗಲಿಲ್ಲ. ಶ್ರಾಗಾ ಟೋಪಿಯ ಅಂಚನ್ನು ಮುಟ್ಟಿ ನೋಡಿಕೊಂಡ. ಟೋಪಿ ಅಂಗಡಿಯಲ್ಲೇ ಕೆಲಸ ಮಾಡುವವನು, ಗಾಬರಿಯಾದಾಗಲೆಲ್ಲ ಅಂಚಿಗೆ ಕೈ ಹಾಕುತ್ತಿದ್ದ.

"ಅತ್ತೆ, ಮಾವನ ಸೂತಕದ ನಾಲ್ಕನೇ ದಿನ ನಾನು ಮಾಡಿದ್ದಕ್ಕೆ ನಿಮ್ಮ ಕ್ಷಮೆ ಕೇಳೋಕೆ ಬಂದಿದೀನಿ. ಮೂರು ಜನರ ಎದುರು ಕೇಳಬೇಕು ಅಂತ ಇದೆ, ಅದಕ್ಕೆ ಇವ್ರನ್ನ ಕರಕೊಂಡು ಬಂದೆ."

"ಕೇಳಿ ಆಯ್ತಾ?"

"ಆಯ್ತು."

"ಇಲ್ಲ, ಕ್ಷಮಿಸಲ್ಲ," ಎಂದಳು ಬ್ರೈನಾ. "ಈಗ ಕೈ ತೊಳಕೊಂಡು ಕೂತ್ಕೊಳ್ಳಿ. ಮೊದಲ ಪಾತ್ರೆಯದು ಬೆಂದಿದೆ."

ಅವಳ ಮನೆಯಲ್ಲಿ ಕ್ಷಮೆ ಸಿಗದೆ ಹೋದವರು ಇರಬಹುದು, ಊಟ ಸಿಗದೆ ಹೋದವರು ಒಬ್ಬರೂ ಇಲ್ಲ. ಮೂವರು ಸಾಕ್ಷಿಗಳೂ ತಲೆ ತಗ್ಗಿಸಿ ಹದಿನೇಳು ಸುರುಳಿ ತಿಂದರು. ವೆಲ್ವೆಲ್ ಮಾತ್ರ ಸಾರನ್ನು ಬ್ರೆಡ್ಡಿನಲ್ಲಿ ಒರೆಸಿಕೊಳ್ಳುತ್ತಾ, "ಇಷ್ಟು ಚೆನ್ನಾಗಿ ಅಡುಗೆ ಮಾಡೋರಿಗೆ ಇಷ್ಟು ಗಟ್ಟಿ ಮನಸ್ಸು ಇರಬಾರದು," ಎಂದು ಗೊಣಗಿ, ಇನ್ನೊಂದು ಸುರುಳಿಗೆ ತಟ್ಟೆ ಒಡ್ಡಿದ.

ಶ್ರಾಗಾ ಮಾಡಿದ್ದು ಸಣ್ಣ ತಪ್ಪೇನಲ್ಲ. ಜನವರಿಯಲ್ಲಿ ಬ್ರೈನಾಳ ಗಂಡ ಅನ್ಶೆಲ್ ತೀರಿಕೊಂಡು ಮನೆಯವರು ಏಳು ದಿನ ಸೂತಕ ಕೂತಿದ್ದಾಗ ನಾಲ್ಕನೆಯ ಸಂಜೆ ಬ್ರೂಕ್ಲಿನ್ ಪೂರ್ತಿ ಹಿಮದಲ್ಲಿ ಹೂತುಹೋಯಿತು. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಮೊಣಕಾಲುದ್ದ ಹಿಮದಲ್ಲಿ ಎಂಟು ಜನ ಹೇಗೋ ಬಂದು ಸೇರಿದರು, ಅನ್ಶೆಲ್ಲನ ತಮ್ಮ ಗೆಟ್ಜೆಲ್ ಒಂಬತ್ತನೆಯವನು. ಹತ್ತನೆಯವನಾದ ಶ್ರಾಗಾ ಕುರ್ಚಿ ತರುತ್ತೇನೆಂದು ಹೋದವನು ಪತ್ತೆಯಿಲ್ಲ. ಬೀದಿಯಲ್ಲಿ ಹುಡುಕಿದರು, ನೆಲಮಾಳಿಗೆಯಲ್ಲಿ ಹುಡುಕಿದರು. ಹೊತ್ತು ಮೀರಿತು, ಪ್ರಾರ್ಥನೆ ಇಲ್ಲದೆ ಜನ ಎದ್ದರು. ತಮ್ಮ ಕೋಟು ತೆಗೆದುಕೊಳ್ಳಲು ಗೂಡಿನ ಬಾಗಿಲು ತೆರೆದರೆ ಕೋಟುಗಳ ಕೆಳಗೆ ಶ್ರಾಗಾ ಬಾಟಲಿ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದ. ಒಂಬತ್ತು ಜನರಿಂದ ಏಳು ಹೆಜ್ಜೆ ದೂರದಲ್ಲಿ.

ಸೂತಕ ಮುಗಿದ ಮರುದಿನವೇ ಅವನು ಚಿಕಿತ್ಸೆಗೆ ಹೋದ. ಆರು ವಾರ ಬಿಟ್ಟು ವಾಪಸು ಬಂದ. ಈಗ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಸಿನಗಾಗ್‌ನ ನೆಲಮಾಳಿಗೆಯಲ್ಲಿ ಈ ಸಂಘದವರ ಜೊತೆ ಒಂದು ಗಂಟೆ ಕೂತು, ಕೀರ್ತನೆ ಓದಿ, ಕಷ್ಟ ಸುಖ ಹೇಳಿಕೊಂಡು, ಆಮೇಲೆ ಅಂಗಡಿಗೆ ಹೋಗುತ್ತಾನೆ. ಎಂಟು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ.

ಆ ಭಾನುವಾರ ಸಂಜೆ ಮಗಳು ನೆಖಾಮಾ ಮೇಲೆ ಬಂದಳು. ಬಂದವಳೇ ಸಿಂಕಿನ ತಟ್ಟೆಗಳನ್ನು ತೊಳೆಯತೊಡಗಿದಳು. ಜಗಳಕ್ಕೆ ಬಂದಾಗಲೆಲ್ಲ ಅವಳು ಹೀಗೆ ತಟ್ಟೆ ತೊಳೆಯುತ್ತಿದ್ದಳು. ಕೈ ಒದ್ದೆ ಇದ್ದರೆ ಮಾತು ಗಟ್ಟಿಯಾಗಿ ಬರುತ್ತದೆಂದು ಅವಳ ಅನುಭವ.

"ಅಮ್ಮಾ, ಅವ್ರು ಊಟ ಮಾಡ್ತಿಲ್ಲ. ಏನು ಹೋಗ್ತಿತ್ತು ನಿಂಗೆ, ಆಯ್ತು ಅಂದಿದ್ರೆ?"

"ಇಲ್ಲಿ ಐದು ಸುರುಳಿ ತಿಂದ. ಊಟ ಮಾಡ್ತಿಲ್ವಂತೆ."

"ಚಿಕ್ಕಪ್ಪನೂ ಕ್ಷಮಿಸಿದ್ರು. ಅಪ್ಪನ ಸ್ವಂತ ತಮ್ಮ."

"ನಿಮ್ಮ ಚಿಕ್ಕಪ್ಪ ಎರಡು ಹಳೇ ಟೋಪಿ ಪುಕ್ಕಟೆ ಆವಿ ಹಿಡಿಸಿ ಹೊಸದು ಮಾಡಿಸ್ಕೊಂಡು ಕ್ಷಮಿಸಿದ್ದು. ನಂಗೆ ಟೋಪಿ ಇಲ್ಲ."

"ಹಾಗಾದ್ರೆ ನಿಂಗೇನು ಬೇಕು?"

ಬ್ರೈನಾ ಟವೆಲ್ ಮಡಚಿಟ್ಟಳು. "ನಿಮ್ಮಪ್ಪ ಅವನನ್ನ ಎಷ್ಟು ಸಲ ಕ್ಷಮಿಸಿದ್ರು, ಹೇಳು. ಮೂರು ಸಲ. ಹೆಗಲ ಮೇಲೆ ಕೈ ಹಾಕಿ, ಹೋಗ್ಲಿ ಬಿಡಪ್ಪ, ಆಗಿದ್ದು ಆಯ್ತು ಅಂದ್ರು. ಮೂರು ಸಲಾನೂ ತಿಂಗಳು ತುಂಬೋದರೊಳಗೆ ಕುಡಿದ. ನಾನು ಎಂಟು ತಿಂಗಳಿಂದ ಕ್ಷಮಿಸಿಲ್ಲ. ಎಂಟು ತಿಂಗಳಿಂದ ಕುಡಿದಿಲ್ಲ. ನಾನೇನು ಲೆಕ್ಕ ಓದಿದವಳಲ್ಲ, ಆದ್ರೂ ಇಷ್ಟು ಗೊತ್ತಾಗುತ್ತೆ."

ನೆಖಾಮಾ ನಲ್ಲಿ ನಿಲ್ಲಿಸಿದಳು. ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ಅಂದ್ರೆ ಸಾಯೋ ತನಕ ಕ್ಷಮಿಸಲ್ವಾ?"

"ಯಾರು ಸಾಯೋ ತನಕ?" ಎಂದಳು ಬ್ರೈನಾ.

ಕೆಳಗೆ ಹೋಗಿ ನೆಖಾಮಾ ಇದನ್ನು ಗಂಡನಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಹದಿನಾರು ವರ್ಷದ ಮೊಮ್ಮಗಳು ಪೆನಿನಾ ಮಾತ್ರ ಮರುದಿನ ಬಂದು, "ಅಜ್ಜಿ, ನೀವು ಅಪ್ಪನಿಗೆ ಮುಚ್ಚಳ ಹಾಕಿ ಇಟ್ಟಿದೀರಂತೆ," ಎಂದು ಹೇಳಿ ಎರಡು ಬಿಸ್ಕತ್ತು ತೆಗೆದುಕೊಂಡು ಹೋದಳು. ಆ ಮನೆಯ ಗೋಡೆಗಳು ತೆಳು.

ಸತ್ತವರಿಗೆ ತಪ್ಪು ಮಾಡಿದ್ದರೆ ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂಬ ಕಟ್ಟಳೆ ಇದೆ. ಎರಡನೆಯ ಭಾನುವಾರ ಶ್ರಾಗಾ ಅದಕ್ಕೂ ಏರ್ಪಾಡು ಮಾಡಿದ. ಲೆನ್ನಿ ಹಳದಿ ಸ್ಕೂಲ್ ಬಸ್ಸನ್ನೇ ತಂದ. ಶ್ರಾಗಾ, ಕುಡಿತ ಬಿಟ್ಟ ಇನ್ನೂ ಒಂಬತ್ತು ಗಂಡಸರು, ಗೆಟ್ಜೆಲ್, ಬ್ರೈನಾ, ನೆಖಾಮಾ, ಎಲ್ಲರೂ ಮಕ್ಕಳ ಸೀಟಿನಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕ್ವೀನ್ಸಿನ ಸ್ಮಶಾನಕ್ಕೆ ಹೊರಟರು. ಬ್ರೈನಾ ಎರಡು ಬುಟ್ಟಿ ಸ್ಯಾಂಡ್‌ವಿಚ್ ಮಾಡಿ ತಂದಿದ್ದಳು. ತಾನು ಅಳಿಯನಿಗಾಗಿ ಅಲ್ಲ, ಗಂಡನನ್ನು ನೋಡಲು ಬರುತ್ತಿರುವುದು ಎಂದು ದಾರಿಯುದ್ದಕ್ಕೂ ನಾಲ್ಕು ಸಲ ಹೇಳಿದಳು.

ಸಮಾಧಿಯ ಮುಂದೆ ನಿಂತ ಮೇಲೆ ಗೆಟ್ಜೆಲ್, ಕ್ಷಮೆ ಕೇಳುವ ಶ್ರಾಗಾನನ್ನು ಬಿಟ್ಟು, ಉಳಿದ ಗಂಡಸರನ್ನು ಎಣಿಸಿದ. ಮನುಷ್ಯರನ್ನು ಒಂದು ಎರಡು ಎಂದು ಎಣಿಸಬಾರದು, ಅದಕ್ಕಾಗಿ ಹತ್ತು ಪದಗಳ ಒಂದು ಪ್ರಾರ್ಥನಾ ವಾಕ್ಯವನ್ನು ತಲೆಗೊಂದು ಪದದಂತೆ ಹೇಳುತ್ತಾರೆ. ಗೆಟ್ಜೆಲ್ ಬೆರಳು ತೋರಿಸುತ್ತಾ ಹೇಳಿದ. ಕೊನೆಯ ಪದಕ್ಕೆ ತಲೆ ಸಿಗಲಿಲ್ಲ. ಇನ್ನೊಮ್ಮೆ, ಆ ಕಡೆಯಿಂದ ಶುರುಮಾಡಿ ಹೇಳಿದ. ಆಗಲೂ ಪದ ಉಳಿಯಿತು.

"ಡಾಕ್ಟರ್ ಕಾಟ್ಜ್ ಎಲ್ಲಿ?" ಎಂದ ಶ್ರಾಗಾ.

"ಬಸ್ಸಲ್ಲೇ ಇದಾರೆ," ಎಂದ ಲೆನ್ನಿ. "ಅವ್ರು ಪುರೋಹಿತರ ವಂಶದವ್ರು. ಸ್ಮಶಾನದೊಳಗೆ ಕಾಲಿಡೋ ಹಾಗಿಲ್ಲ."

"ಅವರ ಹೆಸರೇ ಕಾಟ್ಜ್, ಅಂದ್ರೇನೇ ಪುರೋಹಿತರು," ಎಂದ ಗೆಟ್ಜೆಲ್. "ಸ್ಮಶಾನಕ್ಕೆ ಹತ್ತನೇ ಜನ ಅಂತ ಕಾಟ್ಜ್‌ನ ಕರಕೊಂಡು ಬಂದಿದೀಯಲ್ಲ, ಶ್ರಾಗಾ. ಚಿಕ್ಕ ಮಗುಗೂ ಗೊತ್ತಿರುತ್ತೆ."

ಶ್ರಾಗಾನ ಮುಖ ಬಿಳಿಚಿಕೊಂಡಿತು. ಮತ್ತೆ ಒಂಬತ್ತು ಜನ. ಅದೇ ಅನ್ಶೆಲ್, ಅದೇ ಒಬ್ಬ ಕಡಿಮೆ. ಅವನ ಕೈ ಟೋಪಿಯ ಅಂಚಿಗೆ ಹೋಗಿದ್ದು ಅಲ್ಲೇ ನಿಂತಿತು. ಬೇಲಿಯಾಚೆ ಬಸ್ಸಿನ ಕಿಟಕಿಯಲ್ಲಿ ಡಾಕ್ಟರ್ ಕಾಟ್ಜ್ ಸ್ಯಾಂಡ್‌ವಿಚ್ ಹಿಡಿದ ಕೈ ಬೀಸಿದ. ಕಾಟ್ಜ್ ಬೇಲಿಯ ಹೊರಗೆ ನಿಂತರೆ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ ಎಂದು ಗೆಟ್ಜೆಲ್ಲನೂ ವೆಲ್ವೆಲ್ಲನೂ ವಾದಕ್ಕೆ ನಿಂತರು. ಇಬ್ಬರಿಗೂ ಇಂಥ ವಾದವೆಂದರೆ ಹಬ್ಬದೂಟ. ಇನ್ನು ಅರ್ಧ ಗಂಟೆ ಮುಗಿಯುವಂತಿರಲಿಲ್ಲ.

ಬ್ರೈನಾ ನೋಡುವಷ್ಟು ನೋಡಿದಳು. ಆಮೇಲೆ ಕೈಚೀಲ ತೋಳಿಗೆ ಏರಿಸಿಕೊಂಡು ಮೂರು ಸಾಲು ಆಚೆ ಒಬ್ಬಂಟಿಯಾಗಿ ನಿಂತಿದ್ದ ಅಪರಿಚಿತ ಮುದುಕನ ಹತ್ತಿರ ಹೋದಳು.

"ಯಾರು, ನಿಮ್ಮ ಹೆಂಡತೀನಾ?"

"ಹೌದು," ಎಂದ ಮುದುಕ ಕಣ್ಣೊರೆಸಿಕೊಂಡು.

"ಒಳ್ಳೇದಾಗ್ಲಿ. ಅವ್ರು ಎಲ್ಲೂ ಹೋಗಲ್ಲ. ಹತ್ತು ನಿಮಿಷ ನಮ್ಮ ಯಜಮಾನರ ಹತ್ರ ಬನ್ನಿ, ಒಬ್ಬರು ಕಮ್ಮಿ ಇದಾರೆ." ಅವನ ತೋಳು ಹಿಡಿದು ಕರೆದುಕೊಂಡೇ ಬಂದಳು.

ಶ್ರಾಗಾ ಕಲ್ಲಿನ ಮುಂದೆ ಟೋಪಿ ಸರಿಮಾಡಿಕೊಂಡು ನಿಂತು, ದೇವರಿಗೂ ಈ ಅನ್ಶೆಲ್ಲನಿಗೂ ನಾನು ತಪ್ಪು ಮಾಡಿದೆ ಎಂದ. ವೆಲ್ವೆಲ್ ಹಾಡಿದ, ಕುಡಿತ ಅವನ ಕೆಲಸ ಕಿತ್ತುಕೊಂಡಿತ್ತು, ಕಂಠವನ್ನು ಮಾತ್ರ ಬಿಟ್ಟುಹೋಗಿತ್ತು. ಗೆಟ್ಜೆಲ್ ಕದ್ದಿಶ್ ಹೇಳಿದ. ಆ ಅಪರಿಚಿತ ಮುದುಕ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ. ಬ್ರೈನಾ ಅತ್ತಳು, ಯಾರಿಂದಲೂ ಮುಚ್ಚಿಡಲಿಲ್ಲ.

ಅವಳ ಮನಸ್ಸು ಕರಗಿದೆಯೆಂದು ಶ್ರಾಗಾನಿಗೆ ಅನ್ನಿಸಿರಬೇಕು. ಅಲ್ಲಿಯೇ ಅವಳ ಕಡೆ ತಿರುಗಿದ. "ಅತ್ತೆ, ಇಷ್ಟು ಜನರ ಎದುರು ಇನ್ನೊಂದು ಸಲ ಕೇಳ್ತಿದೀನಿ."

"ಇನ್ನು ಮೇಲೆ ಎಂದೂ ಕುಡಿಯಲ್ಲ ಅಂತ ಇವರ ಕಲ್ಲು ಮುಟ್ಟಿ ಹೇಳು. ಈಗಲೇ ಕ್ಷಮಿಸ್ತೀನಿ."

ಶ್ರಾಗಾ ಕಲ್ಲಿನ ಕಡೆ ನೋಡಿದ. ಮುಟ್ಟಲಿಲ್ಲ. "ಅದನ್ನ ಹೇಳೋಕಾಗಲ್ಲ ಅತ್ತೆ. ಇವತ್ತು ಕುಡಿಯಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

"ಇವತ್ತು ಹೆಂಡದಂಗಡಿಗೆ ಭಾನುವಾರದ ರಜಾ," ಎಂದಳು ಬ್ರೈನಾ. "ಹಾಗಾದ್ರೆ ಇಲ್ಲ."

ಬಸ್ಸು ಹತ್ತಿದ ಮೇಲೆ ಗೆಟ್ಜೆಲ್ ಬಂದು ಅವಳ ಪಕ್ಕದಲ್ಲಿ ಕೂತ. ಅವನ ಮುಖದಲ್ಲಿ ವಿದ್ಯಾವಂತರಿಗೆ ಮಾತ್ರ ಬರುವ ಒಂದು ಸಂತೋಷವಿತ್ತು. "ಅತ್ತಿಗೆ, ಇದು ಎರಡನೇ ಸಲ. ಮೂರು ಸಲ, ಮೂರು ಜನರ ಎದುರು ಕೇಳಿ, ಮೂರು ಸಲಾನೂ ನೀವು ಇಲ್ಲ ಅಂದ್ರೆ ಅವನು ಮತ್ತೆ ಕೇಳಬೇಕಾಗಿಲ್ಲ. ಅವನ ಪಾಲಿನದು ಅಲ್ಲಿಗೆ ಮುಗೀತು. ಆಮೇಲೆ ಪಾಪ ನಿಮ್ಮ ಮೇಲೆ."

"ಏನು ಮುಗೀತು?"

"ಕ್ಷಮಿಸಿದ ಹಾಗೇ ಲೆಕ್ಕ. ಅವನು ಬಿಡುಗಡೆ."

ಬ್ರೈನಾ ಮನೆ ತಲುಪುವ ತನಕ ಲೆಕ್ಕ ಹಾಕಿದಳು. ಆಯ್ತು ಎಂದರೆ ಅವನು ಬಿಡುಗಡೆ, ಇಲ್ಲ ಎಂದರೂ ಬಿಡುಗಡೆ. ಬಿಡುಗಡೆಯಾದರೆ ಕುಡಿಯುತ್ತಾನೆ. ಉಳಿದದ್ದು ಒಂದೇ ದಾರಿ. ಅವನು ಮೂರನೆಯ ಸಲ ಕೇಳಲೇ ಬಾರದು.

ಅಂದಿನಿಂದ ಎಪ್ಪತ್ತಮೂರು ವರ್ಷದ ಆ ಹೆಂಗಸು ತಲೆಮರೆಸಿಕೊಂಡ ಕಳ್ಳನಂತೆ ತನ್ನ ಮನೆಯಲ್ಲೇ ಬದುಕತೊಡಗಿದಳು. ಶ್ರಾಗಾ ಒಬ್ಬನೇ ಬಂದರೆ ಹೆದರಿಕೆಯಿಲ್ಲ, ಸೂಪು ಕೊಡುತ್ತಿದ್ದಳು. ಇಬ್ಬರ ಜೊತೆ ಬಂದರೂ ಸರಿ. ಮೂರನೆಯವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿದರೆ ಹಿಂಬಾಗಿಲಿನಿಂದ ಇಳಿದು ಓಶನ್ ಪಾರ್ಕ್‌ವೇ ರಸ್ತೆಯ ಬೆಂಚಿಗೆ ಹೋಗಿಬಿಡುತ್ತಿದ್ದಳು. ಒಂದು ಮಧ್ಯಾಹ್ನ ಲೆನ್ನಿ ಮತ್ತು ವೆಲ್ವೆಲ್ ಶ್ರಾಗಾನ ಜೊತೆ ಕೂತು ಜೇನು ಕೇಕು ತಿನ್ನುತ್ತಿದ್ದಾಗ ದಿನಸಿ ಅಂಗಡಿಯವನು ಆಲೂಗೆಡ್ಡೆ ಚೀಲ ಹೊತ್ತು ಬಾಗಿಲಿಗೆ ಬಂದ.

"ನೀನು ಯಹೂದಿನಾ?" ಎಂದು ಕೇಳಿದಳು ಬ್ರೈನಾ.

"ಹೌದಮ್ಮ, ಹದಿನೆಂಟು ವರ್ಷದಿಂದ ಬರ್ತಿದೀನಲ್ಲ."

"ಚೀಲ ಅಲ್ಲೇ ಇಡು. ಹೋಗು, ಹೋಗು." ಬಾಗಿಲು ಹಾಕಿಕೊಂಡಳು. ಹೊರಗೆ ಅವನು ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದ.

"ಅಜ್ಜಿ, ನೀವು ಓಡ್ತಿದೀರಿ," ಎಂದಳು ಪೆನಿನಾ.

"ನಂಗೆ ಮಂಡಿನೋವು. ಡಾಕ್ಟ್ರು ನಡೀಬೇಕು ಅಂದಿದಾರೆ."

"ಯಾವ ಡಾಕ್ಟ್ರು? ಡಾಕ್ಟರ್ ಕಾಟ್ಜಾ? ಅವ್ರು ಬಂದಾಗಲೇ ನೀವು ಜಾಸ್ತಿ ನಡೆಯೋದು."

ಹೊಸ ವರ್ಷದ ರೋಶ್ ಹಶಾನಾ ಹಬ್ಬದ ಊಟ ಕೆಳಮನೆಯಲ್ಲಿ. ಸೇಬು, ಜೇನು, ಮೀನಿನ ತಲೆ, ಕ್ಯಾರೆಟ್ ಪಲ್ಯ. ಗೆಟ್ಜೆಲ್ ಇದ್ದ, ಸಂಘದ ಮೂವರೂ ಇದ್ದರು. ಬ್ರೈನಾ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹಲ್ಲುನೋವೆಂದು ಬಂದಳು, ನೋವಿದ್ದವರಿಗೆ ಯಾರೂ ಏನೂ ಕೇಳುವುದಿಲ್ಲವೆಂದು. ಅಲ್ಲಿ ಹಲ್ಲಿನ ಡಾಕ್ಟರು ಕೂತಿರುವುದು ಅವಳಿಗೆ ಹೊಳೆದದ್ದು ಕುರ್ಚಿ ಎಳೆದ ಮೇಲೆ. ಕಾಟ್ಜ್ ಬಹಳ ಕಾಳಜಿಯಿಂದ ಅವಳ ಬಾಯಿ ತೆರೆಸಿ ದೀಪದ ಕೆಳಗೆ ನೋಡಿದ.

"ಒಳ್ಳೇ ಹಲ್ಲು," ಎಂದ. "ಕಚ್ಚಿದ್ರೆ ಬಿಡೋ ಹಾಗಿಲ್ಲ."

ಎಲ್ಲರೂ ನಕ್ಕರು, ಶ್ರಾಗಾನೊಬ್ಬ ಬಿಟ್ಟು. ಅವನು ದ್ರಾಕ್ಷಿ ರಸದ ಬಟ್ಟಲನ್ನು ಎತ್ತಿ ಹಬ್ಬದ ಮಂತ್ರ ಹೇಳಿದ. ಈ ವರ್ಷ ಆ ಮನೆಯಲ್ಲಿ ವೈನಿಲ್ಲ. ಅವನು ಇಳಿದುಹೋಗಿದ್ದ, ಕೊರಳಪಟ್ಟಿಯಲ್ಲಿ ಎರಡು ಬೆರಳು ತೂರುವಷ್ಟು ಜಾಗವಿತ್ತು. ನೆಖಾಮಾ ತಾಯಿಯ ತಟ್ಟೆಗೆ ಮೀನು ಬಡಿಸಿದಳು, ಮುಖ ನೋಡಲಿಲ್ಲ.

ಹಬ್ಬ ಕಳೆದ ನಾಲ್ಕನೆಯ ದಿನ ಮಧ್ಯಾಹ್ನ ಮತ್ತೆ ನಾಲ್ಕು ಜೋಡಿ ಹೆಜ್ಜೆ ಕೇಳಿಸಿತು. ಬ್ರೈನಾ ಹಿಂಬಾಗಿಲಿನಿಂದ ಇಳಿದಳು. ಈ ಸಲ ಶ್ರಾಗಾ ಹಿತ್ತಲ ಕಡೆಯ ಕಿಟಕಿಗೆ ಬಂದು ನಿಂತಿದ್ದ. ಕಸದ ಡಬ್ಬಿಗಳ ನಡುವೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ನೋಡಿದ. ಅವಳೂ ಅವನನ್ನು ನೋಡಿದಳು.

ಮುಖ ತೋರಿಸಲಾಗದೆ ಅವಳು ಬೆಂಚಿಗೆ ಹೋಗದೆ ಬೇಕರಿಗೆ ಹೋದಳು. ಸಾಲಿನಲ್ಲಿ ಅರವತ್ತೊಂದನೆಯ ಚೀಟಿ ಸಿಕ್ಕಿತು. ಐವತ್ತೆಂಟನೆಯವಳು ಯಾವ ಬ್ರೆಡ್ಡು ಎಂದು ತೀರ್ಮಾನಿಸಲಾರದೆ ಒದ್ದಾಡುತ್ತಿದ್ದಾಗ ಬ್ರೈನಾ ಗಾಜಿನಾಚೆ ನೋಡಿದಳು. ಬೀದಿಯ ಆ ಬದಿಯಲ್ಲಿ ಮದ್ಯದಂಗಡಿಯ ಮುಂದೆ ಶ್ರಾಗಾ ನಿಂತಿದ್ದ.

ಅವನು ಒಳಗೆ ಹೋಗುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಅಂಚನ್ನು ಸುತ್ತಲೂ ತಿರುಗಿಸುತ್ತಿದ್ದ. ಒಂದು ಸಲ ಬಾಗಿಲ ಹಿಡಿಕೆಗೆ ಕೈ ಹಾಕಿದ. ತೆಗೆದ. ಜೇಬಿನಿಂದ ಫೋನ್ ತೆಗೆದು ಕಿವಿಗೆ ಇಟ್ಟುಕೊಂಡ. "ಅರವತ್ತೊಂದು," ಎಂದು ಬೇಕರಿಯವಳು ಕೂಗಿದಳು. ಬ್ರೈನಾ ಅಲುಗಾಡಲಿಲ್ಲ. "ಅರವತ್ತೆರಡು," ಎಂದಳು ಬೇಕರಿಯವಳು.

ಬ್ರೈನಾ ಅವನನ್ನು ಕೂಗಬೇಕೆಂದುಕೊಂಡಳು. ಏನೆಂದು ಕೂಗುವುದು? ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತಾ ಹಳದಿ ಸ್ಕೂಲ್ ಬಸ್ಸು ಬಂತು. ನಡುರಸ್ತೆಯಲ್ಲಿ ನಿಂತಿತು. ಅದರ ಪಕ್ಕದ ಕೆಂಪು ಫಲಕ ಹೊರಗೆ ಚಾಚಿ ದೀಪ ಮಿನುಗಿತು. ಎರಡೂ ಕಡೆ ಕಾರುಗಳು ಕಾನೂನಿನಂತೆ ನಿಂತುಬಿಟ್ಟವು. ಮಗು ರಸ್ತೆ ದಾಟುತ್ತದೆಂದು ಎಲ್ಲರೂ ಕಾದರು. ದಾಟಿದ್ದು ನಲವತ್ತೆಂಟು ವರ್ಷದ ಶ್ರಾಗಾ. ಲೆನ್ನಿ ಬಾಗಿಲು ತೆರೆದು ಅವನನ್ನು ಹತ್ತಿಸಿಕೊಂಡ. ಕಿಟಕಿಯಲ್ಲಿ ಕಂಡ ಕೊನೆಯ ನೋಟ, ಅವನು ಎರಡನೇ ತರಗತಿ ಮಕ್ಕಳ ನಡುವೆ ಕೂತು ಮುಖ ಟೋಪಿಯಲ್ಲಿ ಹುದುಗಿಸಿದ್ದು.

ಬ್ರೈನಾ ಬ್ರೆಡ್ಡಿಲ್ಲದೆ ಮನೆಗೆ ಬಂದಳು. ಎಂಟು ತಿಂಗಳು ತಾನು ಬಿಗಿಯಾಗಿ ಹಿಡಿದಿದ್ದೇನೆಂದುಕೊಂಡ ಮುಚ್ಚಳ ಮುಚ್ಚಳವೇ ಆಗಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಮರುದಿನ ಬೆಳಿಗ್ಗೆ ಲೆನ್ನಿ ಒಬ್ಬನೇ ಬಂದ. ಹಬ್ಬದ ದಿನ ಊಟ ಕಟ್ಟಿಸಿಕೊಂಡು ಹೋದ ಪಾತ್ರೆ ವಾಪಸು ಕೊಡಲು ಬಂದಿದ್ದಂತೆ. ಬ್ರೈನಾ ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಒಳಗೆ ಕರೆದು ಮೊಟ್ಟೆ ಹುರಿದು ಕೊಟ್ಟಳು.

"ಕುಡಿದ್ನಾ ನಿನ್ನೆ?"

"ಇಲ್ಲ."

"ಇವತ್ತು?"

"ಇವತ್ತಿನ್ನೂ ಎಂಟು ಗಂಟೆ, ಅಮ್ಮಾ."

"ತಮಾಷೆ ಮಾಡಬೇಡ. ಅವನು ಯಾವಾಗ ಪೂರ್ತಿ ಸರಿಹೋಗ್ತಾನೆ?"

ಲೆನ್ನಿ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿದ. "ನಾನು ಬಿಟ್ಟು ಹನ್ನೊಂದು ವರ್ಷ ಆಯ್ತು. ನನಗೇ ಗೊತ್ತಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ನನ್ನ ಪ್ರಾಣ ವಾಪಸ್ ಕೊಟ್ಟೆಯಲ್ಲ ದೇವರೇ ಅಂತ ಹೇಳ್ತೀವಲ್ಲ, ಮಕ್ಕಳಿಗೆ ಮೊದಲು ಕಲಿಸೋದು. ನಮ್ಮ ಸಂಘದಲ್ಲಿ ದಿನಾ ಅದರಿಂದಲೇ ಶುರು. ರಾತ್ರಿ ಅವನ ಕೈಗೆ ಒಪ್ಪಿಸಿ ಮಲಗ್ತೀವಿ, ಬೆಳಿಗ್ಗೆ ವಾಪಸ್ ಕೊಡ್ತಾನೆ. ಒಂದು ದಿನಕ್ಕೆ ಅಷ್ಟೇ. ದೇವರೇ ನಮ್ಮನ್ನ ಒಂದು ದಿನಕ್ಕಿಂತ ಜಾಸ್ತಿ ನಂಬಲ್ಲ. ಶ್ರಾಗಾ ನಿಮಗೆ ಜೀವನ ಪೂರ್ತಿ ಹೇಗೆ ಮಾತು ಕೊಡ್ತಾನೆ?"

ಬ್ರೈನಾ ಆ ಪ್ರಾರ್ಥನೆಯನ್ನು ಎಪ್ಪತ್ತು ವರ್ಷದಿಂದ ಹಲ್ಲುಜ್ಜುವ ಮುಂಚೆ ಹೇಳುತ್ತಿದ್ದಳು. ಅದರಲ್ಲಿ ಇಷ್ಟೆಲ್ಲ ಇದೆಯೆಂದು ಬಸ್ ಓಡಿಸುವವನ ಬಾಯಲ್ಲಿ ಕೇಳಬೇಕಾಯಿತು. "ಇನ್ನೊಂದು ಮೊಟ್ಟೆ ಹಾಕಲಾ?" ಎಂದಳು.

ಪಾಪ ಕಳೆದುಕೊಳ್ಳುವ ಯೋಮ್ ಕಿಪ್ಪೂರ್ ಉಪವಾಸದ ಹಿಂದಿನ ದಿನ ಇಳಿಹೊತ್ತಿಗೆ ಅವಳು ಪಾತ್ರೆ ತುಂಬ ಮಾಂಸದ ಕಡುಬು ಮಾಡಿ ಸೂಪಿನಲ್ಲಿ ಬಿಟ್ಟು, ಪೆನಿನಾಳ ಕೈಯಲ್ಲಿ ಹೊರಿಸಿಕೊಂಡು ತಾನಾಗಿಯೇ ಕೆಳಗೆ ಇಳಿದಳು. ಲೆನ್ನಿ, ಕಾಟ್ಜ್, ವೆಲ್ವೆಲ್, ಗೆಟ್ಜೆಲ್, ನಾಲ್ವರನ್ನೂ ಊಟಕ್ಕೆ ಕರೆದವಳು ಅವಳೇ. ಸಾಕ್ಷಿ ಬೇಕಾದ್ದಕ್ಕಿಂತ ಒಬ್ಬ ಹೆಚ್ಚೇ ಇರಲಿ ಎಂದು.

ಎಲ್ಲರಿಗೂ ಬಡಿಸಿ ಆದ ಮೇಲೆ ಅವಳು ಕೂರಲಿಲ್ಲ. ಸೌಟು ಹಿಡಿದು ನಿಂತೇ ಇದ್ದಳು.

"ಶ್ರಾಗಾ, ಕೇಳು."

ಚಮಚಗಳು ನಿಂತವು. ಶ್ರಾಗಾ ಎದ್ದು ನಿಂತ. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು, ಯಾರೂ ಎತ್ತಲಿಲ್ಲ.

"ಅತ್ತೆ, ಮೂರನೇ ಸಲ ಕೇಳ್ತಿದೀನಿ. ನನ್ನನ್ನ ಕ್ಷಮಿಸಿ."

"ಇವತ್ತು ಕುಡಿದಿದೀಯಾ?"

"ಇಲ್ಲ."

"ಹಾಗಾದ್ರೆ ಇವತ್ತಿಗೆ ಕ್ಷಮಿಸಿದೀನಿ," ಎಂದಳು ಬ್ರೈನಾ. "ಇವತ್ತಿಗೆ ಮಾತ್ರ. ನಾಳೆ ಮತ್ತೆ ಕೇಳು."

ಗೆಟ್ಜೆಲ್ ಕಡುಬನ್ನು ನುಂಗದೆ ಕೈಯೆತ್ತಿದ. "ಅತ್ತಿಗೆ, ಹಾಗೆ ಬರಲ್ಲ. ಒಂದು ದಿನದ ಕ್ಷಮೆ ಅಂತ ಯಾವ ಗ್ರಂಥದಲ್ಲೂ ಇಲ್ಲ."

"ಅವನು ಒಂದೊಂದು ದಿನ ಕುಡಿಯದೆ ಇರ್ತಾನೆ. ನಾನು ಒಂದೊಂದು ದಿನ ಕ್ಷಮಿಸ್ತೀನಿ. ಗ್ರಂಥ ಬರೆದೋರ ಮನೇಲಿ ಅಳಿಯ ಇರಲಿಲ್ಲವೇನೋ."

"ಅದಿರಲಿ," ಎಂದ ಗೆಟ್ಜೆಲ್, ಸೋಲು ಒಪ್ಪುವ ಜಾತಿಯವನಲ್ಲ. "ನಮಗೆ ದಿನ ಮುಗಿಯೋದು ಹೊತ್ತು ಮುಳುಗಿದಾಗ. ಇನ್ನು ಒಂದು ಗಂಟೆಯಲ್ಲಿ ಇವತ್ತು ಮುಗಿಯುತ್ತೆ. ನಿಮ್ಮ ಕ್ಷಮೆನೂ."

"ಮುಗೀಲಿ. ಒಂದು ಗಂಟೆ ಬಿಟ್ಟು ಕೇಳಲಿ. ಅವನಿಗೆ ಬಾಯಿಲ್ವಾ, ನಂಗೆ ಕಿವಿಯಿಲ್ವಾ?"

ವೆಲ್ವೆಲ್ ಮೊದಲು ನಕ್ಕ. ಆಮೇಲೆ ಕಾಟ್ಜ್, ಲೆನ್ನಿ. ನೆಖಾಮಾ ನಗಲು ಹೋಗಿ ಅತ್ತುಬಿಟ್ಟಳು. ಶ್ರಾಗಾ ನಿಂತೇ ಇದ್ದ. ಬ್ರೈನಾ ಬಿದ್ದ ಕುರ್ಚಿಯನ್ನು ತಾನೇ ಎತ್ತಿ ಅವನ ಹಿಂದೆ ಇಟ್ಟು, ಹೆಗಲು ಒತ್ತಿ ಕೂರಿಸಿ, ತಟ್ಟೆಗೆ ಆರು ಕಡುಬು ಹಾಕಿದಳು. ನಾಳೆ ಪೂರ್ತಿ ಉಪವಾಸ, ಖಾಲಿ ಹೊಟ್ಟೆಯಲ್ಲಿ ಹೋಗಬಾರದು ಎಂದಳು.

ಒಂದು ಗಂಟೆಯ ನಂತರ ಸಿನಗಾಗ್‌ನ ಮೆಟ್ಟಿಲ ಮೇಲೆ ಬಿಳಿ ಬಟ್ಟೆಯವರ ನೂಕುನುಗ್ಗಲು. ಹೆಂಗಸರು ಮೇಲಂತಸ್ತಿಗೆ ಹತ್ತುತ್ತಿದ್ದರು. ಜನರ ನಡುವಿನಿಂದ ಶ್ರಾಗಾ, ಆ ದಿನ ಚರ್ಮ ಮೆಟ್ಟಬಾರದೆಂದು ಹಾಕಿಕೊಂಡ ಕ್ಯಾನ್ವಾಸ್ ಬೂಟಿನಲ್ಲಿ ಓಡಿಬಂದ.

"ಅತ್ತೆ, ಹೊತ್ತು ಮುಳುಗ್ತು."

"ಕಾಣುತ್ತೆ. ಕೇಳು ಬೇಗ, ಒಳಗೆ ಶುರುವಾಗುತ್ತೆ."

ಕೇಳಿದ. "ಇವತ್ತಿಗೂ," ಎಂದು ಅವಳು ಮೆಟ್ಟಿಲು ಹತ್ತಿದಳು.

ಅಲ್ಲಿಂದ ದಿನಾ ಹೊತ್ತು ಮುಳುಗುವ ಹೊತ್ತಿಗೆ ಅವನು ಹದಿನಾಲ್ಕು ಮೆಟ್ಟಿಲು ಹತ್ತಿ ಬರುತ್ತಿದ್ದ. ಸಾಕ್ಷಿಗಳು ಬೇಕಿರಲಿಲ್ಲ. ಹೆಚ್ಚೆಂದರೆ ಒಂದು ನಿಮಿಷದ ಕೆಲಸ. ಬ್ರೈನಾ ಒಲೆಯ ಮುಂದಿನಿಂದ ತಿರುಗದೆಯೇ ಹೆಜ್ಜೆ ಕೇಳುತ್ತಿದ್ದಳು, ಅವನು ಕೇಳುತ್ತಿದ್ದ, ಅವಳು ಆಯ್ತು ಎನ್ನುತ್ತಿದ್ದಳು. ನಡುವೆ ಒಂದು ಸಂಜೆ ಮಾತ್ರ, ಅಂಗಡಿಯಲ್ಲಿ ಯಾರೊಂದಿಗೋ ಜಗಳವಾಡಿ ಬಂದವನು, "ಇವತ್ತು ಬಹಳ ಕಷ್ಟ ಆಯ್ತು ಅತ್ತೆ," ಎಂದ. ಅವಳು ಕೂರಿಸಿ ಸೂಪು ಕೊಟ್ಟು, ಅವನು ಕುಡಿದು ಮುಗಿಸುವ ತನಕ ಎದುರಿಗೆ ಕೂತಿದ್ದಳು.

ಚಪ್ಪರದ ಹಬ್ಬಕ್ಕೆ ಎರಡು ದಿನ ಮುಂಚೆ ಶ್ರಾಗಾ ಹಿತ್ತಲಲ್ಲಿ ಹಲಗೆ ನಿಲ್ಲಿಸಿ ಚಪ್ಪರ ಕಟ್ಟುತ್ತಿದ್ದ. ಅಂಗಡಿಯಿಂದ ತಡವಾಗಿ ಬಂದು ಶುರುಮಾಡಿದ್ದರಿಂದ ಅವಸರವಿತ್ತು. ಬ್ರೈನಾ ಮೇಲಿನ ಕಿಟಕಿಯಿಂದ ಆಕಾಶ ನೋಡಿದಳು. ಮನೆಗಳ ಹಿಂದೆ ಬೆಳಕು ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಇಲ್ಲ. ಇನ್ನೂ ಸ್ವಲ್ಪ ಕಾದಳು. ಆಮೇಲೆ ಕಿಟಕಿ ಎತ್ತಿ ತಲೆ ಹೊರಗೆ ಹಾಕಿದಳು.

"ಶ್ರಾಗಾ. ಹೊತ್ತು ಮುಳುಗಿ ಆಯ್ತು. ಇನ್ನೂ ಕೇಳಿಲ್ಲ ನೀನು."

ಏಣಿಯ ತುದಿಯಲ್ಲಿ ಶ್ರಾಗಾ ತಲೆಯೆತ್ತಿದ. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಸುತ್ತಿಗೆ, ತುಟಿಗಳ ನಡುವೆ ಐದು ಮೊಳೆ. ಏನೋ ಹೇಳಲು ಪ್ರಯತ್ನಿಸಿದ. ಬರಿಯ ಗೊರಗೊರ ಸದ್ದು ಬಂತು.

"ಬೇಡ, ಬೇಡ, ಮೊಳೆ ನುಂಗೀಯೆ," ಎಂದಳು ಬ್ರೈನಾ. "ನೀನು ಕೇಳದೇ ಇದ್ರೂ ಆಯ್ತು. ಕ್ಷಮಿಸಿದೀನಿ. ಆ ಹಲಗೆ ಬಿಗಿ ಮಾಡಿ ಊಟಕ್ಕೆ ಬಾ."